ಕೆರೆ ಪಕ್ಕದ ನೀರಾಟ: ಪುಟ್ಟ ಮಕ್ಕಳನ್ನು ಕರೆದೊಯ್ಯುವ ಶಿರಸಿ–ಕಾರವಾರ ಕಡೆಯವರಿಗೆ

ನಾಲ್ಕು ವರ್ಷದ ಹಿಂದಿನ ಮಾತು. ಮಗಳಿಗೆ ಆಗ ಮೂರು ತುಂಬಿತ್ತು, ಮಗ ಇನ್ನೂ ಕೈಗೂಸು. ಮನೆಯವರೆಲ್ಲ ಸೇರಿ ಒಂದು ರೆಸಾರ್ಟಿಗೆ ಹೋಗಿದ್ದೆವು. ಅಲ್ಲಿ ಕೆರೆ ದಂಡೆಯಲ್ಲೇ ಮಕ್ಕಳಿಗೆ ಸ್ಪ್ಲ್ಯಾಷ್ ಪ್ಯಾಡ್ ಇತ್ತು. ನೆಲದಿಂದ ನೀರು ಚಿಮ್ಮುತ್ತದೆ. ಮೇಲೆ ಕಟ್ಟಿದ ಬಣ್ಣದ ಬಕೆಟ್ ತುಂಬಿ ದಬಕ್ಕನೆ ಸುರಿಯುತ್ತದೆ. ಬಿದ್ದ ನೀರು ಕೂಡಲೇ ಜಾಲರಿಯೊಳಗೆ ಇಳಿದುಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಮುಳುಗುವಷ್ಟು ನೀರೇ ಇಲ್ಲ ಅಂತ ನಾವೆಲ್ಲ ನಿರಾಳವಾಗಿ ಕೂತೆವು.

ದೊಡ್ಡವರು ಆರು ಜನ ಇದ್ದೆವು. ಅತ್ತೆ ಅವಲಕ್ಕಿ ಕಲೆಸುತ್ತಿದ್ದರು. ನಾನು ಮಗನ ಡೈಪರ್ ಬದಲಿಸುತ್ತಿದ್ದೆ. ತಲೆ ಎತ್ತಿ ನೋಡಿದರೆ ಮಗಳು ಇಲ್ಲ. ಅವಳ ಚೆಂಡು ಇಳಿಜಾರಿನಲ್ಲಿ ಉರುಳಿ ಕೆರೆಗೆ ಹೋಗಿತ್ತು, ಅವಳು ಅದರ ಹಿಂದೆಯೇ ಹೋಗಿದ್ದಳು. ಕೆರೆಯ ಎರಡನೇ ಮೆಟ್ಟಿಲ ಮೇಲೆ, ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ಚೆಂಡಿಗೆ ಕೈ ಚಾಚುತ್ತಿದ್ದಳು. ನಾದಿನಿಯ ಗಂಡ ಓಡಿ ಹೋಗಿ ಎತ್ತಿಕೊಂಡರು. ಆರು ಜನರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿದ್ದೆವು. ಅವಳು ಕೂಗಲೂ ಇಲ್ಲ, ಅಳಲೂ ಇಲ್ಲ.

ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಲೆಕ್ಕ ಇದೆ. ಆಟದ ನೀರು ಒಂದು, ಪಕ್ಕದ ನೀರು ಇನ್ನೊಂದು. ಮಕ್ಕಳನ್ನು ಬಿಡುವುದು ಆಟದ ನೀರಿಗೆ, ನಾವು ಕೂರುವುದು ಆಟದ ನೀರಿಗೂ ಪಕ್ಕದ ನೀರಿಗೂ ನಡುವೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲಿ ಹೋದರೂ ಈ ಎರಡು ನೀರು ಅಕ್ಕಪಕ್ಕದಲ್ಲೇ ಇರುತ್ತವೆ. ಟಾಗೋರ್ ಬೀಚಿನ ಒದ್ದೆ ಮರಳು ಆಟದ ನೀರು, ಹತ್ತು ಹೆಜ್ಜೆ ಆಚೆಗೆ ಸಮುದ್ರ. ಶಾಲ್ಮಲಾ ಹೊಳೆಯ ಸಹಸ್ರಲಿಂಗದ ಬಂಡೆ ಮೇಲಿನ ಪಾದ ಮುಳುಗುವ ನೀರು ಆಟದ ನೀರು, ಅದೇ ಬಂಡೆಯ ಬುಡದಲ್ಲಿ ಆಳದ ಗುಂಡಿ. ಹಾಗಾಗಿ ಮುಂದೆ ಹೇಳುವುದೆಲ್ಲ ಸ್ಪ್ಲ್ಯಾಷ್ ಪ್ಯಾಡಿಗೂ ಆಗುತ್ತದೆ, ಹಳ್ಳಕ್ಕೂ ಆಗುತ್ತದೆ, ಸಮುದ್ರ ದಂಡೆಗೂ ಆಗುತ್ತದೆ. ಆರು ವರ್ಷದೊಳಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ನೀರನ್ನು ಗುರುತಿಸಿ

ಹೊರಡುವ ಮುಂಚೆಯೇ ಎಲ್ಲಿಗೆ, ಯಾವ ನೀರಿಗೆ ಅಂತ ತೀರ್ಮಾನ ಮಾಡಿ. ದಾರಿಯಲ್ಲಿ ಚಂದದ ಹಳ್ಳ ಕಂಡಿತು ಅಂತ ಇಳಿಯುವುದು ಪುಟ್ಟ ಮಕ್ಕಳಿದ್ದಾಗ ಬೇಡ.

ಸ್ಪ್ಲ್ಯಾಷ್ ಪ್ಯಾಡ್ ಅಂದರೆ ನೀರು ನಿಲ್ಲದ ಜಾಗ. ಹೆಚ್ಚಿನ ಕಡೆ ಅದೇ ನೀರು ನೆಲದಡಿಯ ಟ್ಯಾಂಕಿಗೆ ಹೋಗಿ, ಸೋಸಿ, ಕ್ಲೋರಿನ್ ಸೇರಿ ಮತ್ತೆ ಮೇಲೆ ಬರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ನೀರು ಎಲ್ಲಿಂದ ಬರುತ್ತದೆ? ಕ್ಲೋರಿನ್ ಎಷ್ಟು ಹೊತ್ತಿಗೊಮ್ಮೆ ಪರೀಕ್ಷೆ ಮಾಡುತ್ತೀರಿ? ಕೆರೆಯ ನೀರನ್ನೇ ಪಂಪ್ ಮಾಡಿ ಬಿಡುತ್ತೇವೆ ಅಂದರೆ ಅಲ್ಲಿಗೆ ಹೋಗಬೇಡಿ. ನೀರು ಚಿಮ್ಮಿ ಗಾಳಿಗೂ ಬಿಸಿಲಿಗೂ ಸಿಕ್ಕಾಗ ಕ್ಲೋರಿನ್ ಬೇಗ ಕಡಿಮೆಯಾಗುತ್ತದೆ. ಅದಕ್ಕೇ ಈಜುಕೊಳಕ್ಕಿಂತ ಸ್ಪ್ಲ್ಯಾಷ್ ಪ್ಯಾಡಿಗೆ ನಿಗಾ ಜಾಸ್ತಿ ಬೇಕು.

ಪಾರ್ಕಿನ ಕಾರಂಜಿ ಮಾತ್ರ ಬೇರೆಯೇ. ಅದು ನೋಡಲಿಕ್ಕೆ ಮಾಡಿದ್ದು. ಅದರ ನೀರನ್ನು ಯಾರೂ ಶುದ್ಧ ಮಾಡಿರುವುದಿಲ್ಲ, ತಳದಲ್ಲಿ ಪಾಚಿ ಇರುತ್ತದೆ, ನೀರೊಳಗೇ ದೀಪದ ವಯರು ಓಡಿರುತ್ತದೆ. ಮಕ್ಕಳಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಇದು ನೋಡುವ ನೀರು, ಅದು ಆಡುವ ನೀರು ಅಂತ ಮುಂಚೆಯೇ ಹೇಳಿಕೊಡಿ.

ಕೆರೆಯ ವಿಷಯದಲ್ಲಿ ನನಗೆ ಭಯ ಜಾಸ್ತಿ. ನಮ್ಮ ಅಜ್ಜಂದಿರ ಕಾಲದ ಕೆರೆಗಳಲ್ಲಿ ದಂಡೆಯಿಂದ ನಡುವಿನವರೆಗೆ ನಿಧಾನವಾಗಿ ಆಳ ಏರುತ್ತಿತ್ತು, ದನ ಇಳಿದು ನೀರು ಕುಡಿದು ಹತ್ತುತ್ತಿದ್ದವು. ಈಗ ಎಷ್ಟೋ ಕೆರೆಗಳ ಹೂಳನ್ನು ಜೆಸಿಬಿಯಲ್ಲಿ ತೆಗೆದಿದ್ದಾರೆ. ಕೆಲಸ ಒಳ್ಳೆಯದೇ, ಬಾವಿಗಳಿಗೆ ನೀರು ಬಂದಿದೆ. ಆದರೆ ಯಂತ್ರ ಅಗೆದ ಕಡೆ ದಂಡೆ ಗೋಡೆಯ ಹಾಗೆ ಇರುತ್ತದೆ. ಒಂದು ಹೆಜ್ಜೆ ಮೊಣಕಾಲು, ಮುಂದಿನ ಹೆಜ್ಜೆ ಆಳುದ್ದ. ಕೆಳಗೆ ಜಾರುವ ಜೇಡಿ ಬೇರೆ. ಕೆರೆ ದಂಡೆಯಲ್ಲಿ ಕೂತು ಬುತ್ತಿ ತಿನ್ನಿ, ಹಕ್ಕಿ ನೋಡಿ. ಮಕ್ಕಳನ್ನು ಕೆರೆಗೆ ಮಾತ್ರ ಇಳಿಸಬೇಡಿ.

ಇನ್ನು ಉಂಚಳ್ಳಿ, ಮಾಗೋಡು, ಸಾತೊಡ್ಡಿ ಜಲಪಾತಗಳೆಲ್ಲ ಪುಟ್ಟ ಮಕ್ಕಳಿಗೆ ದೂರದಿಂದ ನೋಡುವ ಜಾಗಗಳು, ಅಷ್ಟೇ.

ಕಾಲ, ಹೊತ್ತು

ಜೂನ್‌ನಿಂದ ಸೆಪ್ಟೆಂಬರ್ ತನಕ ಸಮುದ್ರವೂ ಬೇಡ, ಹಳ್ಳವೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಸಮುದ್ರಕ್ಕೆ ಇಳಿಯುವುದಿಲ್ಲ, 61 ದಿನ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಅದು ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮ ನಿಜ, ಆದರೆ ಆ ಹೊತ್ತಿನ ಸಮುದ್ರವನ್ನು ಒಮ್ಮೆ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಮಳೆ ನಿಂತ ಮೇಲೆಯೂ ಒಂದಷ್ಟು ದಿನ ಬಿಡಿ.

ನವೆಂಬರಿನಿಂದ ಫೆಬ್ರವರಿ ನಮ್ಮ ಕರಾವಳಿಗೆ ಚೆನ್ನಾದ ಕಾಲ. ಹಾಗಂತ ಶಾಂತವಾಗಿ ಕಂಡ ಸಮುದ್ರವನ್ನು ನಂಬಬೇಡಿ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ಆಗ ಮಳೆಗಾಲ ಮುಗಿದು ಎಷ್ಟೋ ದಿನ ಆಗಿತ್ತು.

ಹೊತ್ತಿನ ಮಟ್ಟಿಗೆ ಬೆಳಿಗ್ಗೆ ಎಂಟರಿಂದ ಹತ್ತೂವರೆ, ಇಲ್ಲವೆ ಸಂಜೆ ನಾಲ್ಕರ ಮೇಲೆ. ಮಧ್ಯಾಹ್ನದ ಬಿಸಿಲಿಗೆ ಪ್ಯಾಡಿನ ರಬ್ಬರ್ ನೆಲ, ಸಿಮೆಂಟು, ಮರಳು ಎಲ್ಲವೂ ಕಾದ ಬಾಣಲೆ ಆಗಿರುತ್ತವೆ. ನಿಮ್ಮ ಅಂಗೈಯನ್ನು ನೆಲಕ್ಕೆ ಒತ್ತಿ ಐದು ಎಣಿಸಿ. ಕೈ ಇಡಲಿಕ್ಕೆ ಆಗದಿದ್ದರೆ ಮಗುವಿನ ಪಾದ ಇಡಬೇಡಿ.

ಬೆಳಿಗ್ಗೆ ಹೋದರೆ ಇನ್ನೊಂದು ಅನುಕೂಲ. ಜನ ಕಡಿಮೆ, ನೀರು ಚೊಕ್ಕ, ಮಕ್ಕಳೂ ನಿದ್ದೆ ಮುಗಿಸಿ ಎದ್ದಿರುತ್ತಾರೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆ ಕಡೆ ಹೋಗುವವರು ಒಂದು ರಾತ್ರಿ ಕೆಳಗೇ ಉಳಿದು ಬೆಳಿಗ್ಗೆ ಸಮುದ್ರಕ್ಕೆ ಹೋಗುವುದು ಒಳ್ಳೆಯದು. ಘಟ್ಟದ ತಿರುವಿನಲ್ಲಿ ವಾಂತಿ ಮಾಡಿ ಸುಸ್ತಾದ ಮಗುವನ್ನು ನೇರ ನೀರಿಗೆ ಇಳಿಸಿದರೆ ಅದಕ್ಕೂ ಸುಖ ಇಲ್ಲ, ನಿಮಗೂ ಇಲ್ಲ.

ಭೇದಿ ಆಗುತ್ತಿರುವ ಮಗುವನ್ನು ಸ್ಪ್ಲ್ಯಾಷ್ ಪ್ಯಾಡಿಗೆ ಕರೆದೊಯ್ಯಲೇಬಾರದು. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಒಂದು ಪರೋಪಜೀವಿ ಕ್ಲೋರಿನ್ ಹಾಕಿದ ನೀರಿನಲ್ಲೂ ಏಳು ದಿನಕ್ಕಿಂತ ಹೆಚ್ಚು ಬದುಕುತ್ತದೆ. ಒಂದು ಮಗುವಿನಿಂದ ಅದೇ ನೀರಿನಲ್ಲಿ ಆಡುವ ಎಲ್ಲ ಮಕ್ಕಳಿಗೂ ಹೊಟ್ಟೆ ಕೆಡಬಹುದು. ಟಿಕೆಟ್ ದುಡ್ಡು ಹೋದರೂ ಹೋಗಲಿ, ಆ ದಿನ ಮನೆಯಲ್ಲೇ ಇರಿ.

ಚೀಲದಲ್ಲಿ ಏನಿರಬೇಕು

ಎಲ್ಲರೂ ಟವೆಲ್, ಬಟ್ಟೆ, ತಿಂಡಿ ತುಂಬಿಕೊಳ್ಳುತ್ತಾರೆ. ಮರೆಯುವಂಥದ್ದನ್ನು ಮಾತ್ರ ಹೇಳುತ್ತೇನೆ.

ಮಗುವಿನ ಬಟ್ಟೆಯ ಬಣ್ಣ. ನೀಲಿ, ಬಿಳಿ, ಬೂದು ಬಣ್ಣಗಳು ನೀರಿನಡಿ ಕಾಣುವುದೇ ಇಲ್ಲ. ಕಡು ಕೇಸರಿ, ಕೆಂಪು, ಕಣ್ಣಿಗೆ ಹೊಡೆಯುವ ಗುಲಾಬಿ ಆಗಬೇಕು. ಮೈಗೆ ಅಂಟುವ ಈಜುಬಟ್ಟೆ ಇದ್ದರೆ ಒಳ್ಳೆಯದು. ಹತ್ತಿಯ ಫ್ರಾಕು ನೀರು ಕುಡಿದು ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಕೊರಳ ಸರ, ಉಡಿದಾರದಲ್ಲಿ ಕಟ್ಟಿದ ತಾಯಿತ ಇವನ್ನು ಮನೆಯಲ್ಲೇ ಬಿಚ್ಚಿಡಿ, ಜಾಲರಿಗೆ ಸಿಕ್ಕಿಕೊಳ್ಳಬಹುದು.

ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಅಥವಾ ನೀರಿನ ಶೂ. ಹಳ್ಳದಲ್ಲಿ ಒಡೆದ ಬಾಟಲಿ ಇರುತ್ತದೆ, ಸಮುದ್ರದ ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಈಜು ಡೈಪರ್. ಮಾಮೂಲಿ ಡೈಪರ್ ನೀರು ಕುಡಿದು ಊದಿ ಹರಿಯುತ್ತದೆ. ಈಜು ಡೈಪರ್ ಕೂಡ ಮಲವನ್ನು ಸ್ವಲ್ಪ ಹೊತ್ತು ತಡೆಯುತ್ತದೆಯೇ ಹೊರತು ಮೂತ್ರವನ್ನು ತಡೆಯುವುದಿಲ್ಲ. ಗಂಟೆಗೊಮ್ಮೆ ನೋಡಿ, ಪ್ಯಾಡಿನಿಂದ ದೂರ ಹೋಗಿ ಬದಲಿಸಿ.

ಬಾವಿಗೆ ಬಳಸುವ ನೈಲಾನ್ ಹಗ್ಗ, ಹತ್ತು ಹದಿನೈದು ಮೀಟರ್. ಜೊತೆಗೆ ಮುಚ್ಚಳ ಬಿಗಿಯಾಗಿ ಕೂರುವ ಐದು ಲೀಟರಿನ ಖಾಲಿ ಕ್ಯಾನು. ಹಗ್ಗವನ್ನು ಕ್ಯಾನಿನ ಹಿಡಿಕೆಗೆ ಮನೆಯಲ್ಲೇ ಕಟ್ಟಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಸೀಟಿ, ಒಂದು ಕೆಂಪು ಟವೆಲ್. ಆರು ತಿಂಗಳು ಮೇಲ್ಪಟ್ಟ ಮಕ್ಕಳಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸಿಗೆ ನೆರಳೇ ಸಾಕು, ನೀರಾಟ ಬೇಡ.

ಕುಡಿಯಲಿಕ್ಕೆ ಮುರುಗಲ ಶರಬತ್ತೋ ಉಪ್ಪು ಹಾಕಿದ ಮಜ್ಜಿಗೆಯೋ ಇರಲಿ. ನೀರಿನಲ್ಲಿ ಆಡುವ ಮಕ್ಕಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ. ದಾಹ ಆದವರು ಎದುರಿಗಿರುವ ನೀರನ್ನೇ ಕುಡಿಯುತ್ತಾರೆ, ಅದು ಕ್ಲೋರಿನ್ ನೀರಿರಲಿ, ಉಪ್ಪು ನೀರಿರಲಿ.

ತೋಳಿಗೆ ಹಾಕುವ ಗಾಳಿ ಬುಗ್ಗೆ, ಬಾತುಕೋಳಿ ಟ್ಯೂಬು ಇವನ್ನು ಬಿಟ್ಟು ಹೋಗಿ. ಅವು ಆಟದ ಸಾಮಾನು. ಮಗು ಅದರಿಂದ ಜಾರಿ ತಲೆಕೆಳಗಾಗಬಹುದು, ನಮಗೂ ಸುಳ್ಳು ಧೈರ್ಯ ಬರುತ್ತದೆ. ದೋಣಿ ಹತ್ತುವುದಿದ್ದರೆ ಕಾಲ ಸಂದಿಯಲ್ಲಿ ಪಟ್ಟಿ ಬರುವ, ಮಗುವಿನ ಅಳತೆಯ ಲೈಫ್ ಜಾಕೆಟ್ಟೇ ಬೇಕು.

ಜಾಗ ತಲುಪಿದ ಕೂಡಲೇ ನೀರಿಗೆ ಇಳಿಸಬೇಡಿ

ಮಕ್ಕಳಿಗೆ ಕಾರಿನಲ್ಲೇ ಬಾಳೆಹಣ್ಣು ಕೊಟ್ಟು ಕೂರಿಸಿ, ಒಬ್ಬರು ಅವರ ಜೊತೆ ಇರಿ. ಇನ್ನೊಬ್ಬರು ಹತ್ತು ನಿಮಿಷ ಸುತ್ತು ಹಾಕಿ ಬನ್ನಿ.

ಸ್ಪ್ಲ್ಯಾಷ್ ಪ್ಯಾಡಿನಲ್ಲಾದರೆ ಮೊದಲು ಕೆರೆ ಎಷ್ಟು ದೂರ ಇದೆ ನೋಡಿ. ನಡುವೆ ಬೇಲಿ ಇದೆಯಾ? ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆಯಾ? ನೆಲ ಯಾವ ಕಡೆ ಇಳಿಜಾರು? ಚೆಂಡು ಬಿಟ್ಟು ನೋಡಿ, ಅದು ಉರುಳುವ ದಾರಿಯಲ್ಲೇ ಮಗುವೂ ಓಡುತ್ತದೆ. ನಾನು ಕಲಿತ ಪಾಠ ಅದು. ಆಮೇಲೆ ನೀರು ಇಳಿಯುವ ಜಾಲರಿಗಳು ಗಟ್ಟಿ ಕೂತಿವೆಯಾ, ಮುರಿದಿಲ್ಲವಾ ಅಂತ ಕಾಲಿನಿಂದ ಒತ್ತಿ ನೋಡಿ. ಎಲ್ಲಾದರೂ ನೀರು ಕಟ್ಟಿ ನಿಂತಿದ್ದರೆ ಅಲ್ಲಿನವರಿಗೆ ಹೇಳಿ. ಕಣ್ಣು ಉರಿಸುವಂಥ ಕ್ಲೋರಿನ್ ವಾಸನೆ ಬಂದರೆ ನೀರು ಬಹಳ ಶುದ್ಧ ಅಂತ ಅರ್ಥ ಅಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಆ ಘಾಟು ಜಾಸ್ತಿ ಆಗುತ್ತದೆ.

ಹಳ್ಳದಲ್ಲಾದರೆ ನೀವೇ ಮೊದಲು ಇಳಿದು ಉದ್ದಕ್ಕೂ ನಡೆಯಿರಿ. ತಳ ಕಾಣಬೇಕು. ನೀರು ದೊಡ್ಡವರ ಪಾದದ ಗಂಟು ದಾಟಬಾರದು. ಎಲ್ಲಿಂದ ಆಳ ಶುರುವಾಗುತ್ತದೋ ಅಲ್ಲಿ ಒಂದು ಕೋಲು ನೆಡಿ. ಊರಿನವರು ಯಾರಾದರೂ ಕಂಡರೆ ಸುಮ್ನೆ ಮುಂದೆ ಹೋಗಬೇಡಿ, ನಿಂತು ಕೇಳಿ. ಗುಂಡಿ ಎಲ್ಲಿದೆ, ಸುಳಿ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ. ಅಣೆಕಟ್ಟಿನ ಕೆಳಗಿನ ಹೊಳೆಗಳಲ್ಲಿ ಇಳಿಯಲೇಬೇಡಿ. ಕಾಳಿ, ಶರಾವತಿಯಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಳೆ ಇಲ್ಲದೆಯೂ ಹೊಳೆ ಏರುತ್ತದೆ. ಗಣೇಶಗುಡಿಯ ರಾಫ್ಟಿಂಗ್ ನಡೆಯುವುದೇ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ.

ಏಪ್ರಿಲ್–ಮೇ ತಿಂಗಳಿನಲ್ಲಿ ಇನ್ನೊಂದು ಎಚ್ಚರ ಬೇಕು. ಮೇಲೆ ಎಲ್ಲೋ ಮಳೆ ಹೊಡೆದು, ನೀವಿರುವಲ್ಲಿ ಬಿಸಿಲೇ ಇರುವಾಗ ಹಳ್ಳ ಏರಬಹುದು. ತಿಳಿ ನೀರು ಕೆಂಪಾದರೆ, ತರಗೆಲೆ ತೇಲಿ ಬರತೊಡಗಿದರೆ, ಹರಿಯುವ ಸದ್ದು ಬದಲಾದರೆ ಒಂದು ಕ್ಷಣವೂ ನಿಲ್ಲದೆ ಮಕ್ಕಳನ್ನು ಎತ್ತಿಕೊಂಡು ಮೇಲೆ ಬನ್ನಿ. ಚಪ್ಪಲಿ, ಪಾತ್ರೆ ಅಲ್ಲೇ ಇರಲಿ.

ಕಾಡು ದಾಟಿ ಹಳ್ಳಕ್ಕೆ ಹೋಗುವವರು ಉಣುಗಿನ ಬಗ್ಗೆಯೂ ಯೋಚಿಸಬೇಕು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ. ಸಿದ್ದಾಪುರ ಕಡೆಯವರಿಗೆ ಅದರ ಸಂಕಟ ಚೆನ್ನಾಗಿ ಗೊತ್ತು. ನವೆಂಬರಿನಿಂದ ಮೇ ತನಕ ಅದರ ಕಾಲ, ಹಳ್ಳಕ್ಕೆ ಹೋಗುವ ಕಾಲವೂ ಅದೇ. ಆ ಭಾಗದಲ್ಲಿ ಕಾಯಿಲೆ ಇದೆಯಾ ಅಂತ ಆಶಾ ಕಾರ್ಯಕರ್ತೆಯರನ್ನು ಕೇಳಿ. ಇದೆ ಅಂದರೆ ಹೋಗಬೇಡಿ. ಇಲ್ಲ ಅಂದರೂ ದಾರಿಯಲ್ಲಿ ಉದ್ದ ತೋಳು, ಉದ್ದ ಪ್ಯಾಂಟು ಹಾಕಿಸಿ, ತರಗೆಲೆ ಮೇಲೆ ಕೂರಿಸಬೇಡಿ. ಉಣುಗು ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆಯನ್ನು ಪುಟ್ಟ ಮಕ್ಕಳಿಗೆ ಹಚ್ಚುವ ಮುಂಚೆ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಳ್ಳಿ.

ಪಾಳಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಗುಂಪಿನಲ್ಲಿ ಎಷ್ಟು ಜನ ಇದ್ದರೂ ಒಂದು ಹೊತ್ತಿಗೆ ಒಬ್ಬರೇ ಕಾವಲು. ಕೆಂಪು ಟವೆಲ್ ಯಾರ ಹೆಗಲ ಮೇಲಿದೆಯೋ ಅವರದ್ದು ಪಾಳಿ. ಹದಿನೈದು ನಿಮಿಷಕ್ಕೊಮ್ಮೆ ಬದಲಾಗಬೇಕು. ಟವೆಲ್ ಕೊಡುವಾಗ ಬಾಯಿಬಿಟ್ಟು ಹೇಳಬೇಕು: "ಭಾವ, ಈಗ ನಿಮ್ಮ ಪಾಳಿ. ಮಕ್ಕಳು ಮೂವರು." ಅವರೂ ಎಣಿಸಿ, "ಹೌದು, ಮೂವರು" ಅಂದ ಮೇಲೆಯೇ ನೀವು ಏಳಬೇಕು. ಮೊದಮೊದಲು ನಮ್ಮ ಮನೆಯಲ್ಲಿ ಹಿರಿಯರಿಗೆ ಇದು ಅತಿ ಅನಿಸಿತ್ತು. ಈಗ ಅತ್ತೆಯೇ ಟವೆಲ್ ಎಲ್ಲಿ ಅಂತ ಮೊದಲು ಕೇಳುತ್ತಾರೆ.

ಪಾಳಿಯಲ್ಲಿರುವವರು ಫೋನ್ ಮುಟ್ಟಬಾರದು, ತಿಂಡಿ ಹಂಚಬಾರದು, ಫೋಟೊ ತೆಗೆಯಬಾರದು. ಕೂರುವ ಜಾಗ ಮಗುವಿಗೂ ದೊಡ್ಡ ನೀರಿಗೂ ನಡುವೆ. ನಿಮ್ಮ ಬೆನ್ನು ಕೆರೆಗೆ, ಮುಖ ಮಕ್ಕಳಿಗೆ. ಸಮುದ್ರದಲ್ಲಿ ಮಾತ್ರ ಬೆನ್ನು ಮಾಡಿ ಕೂರಬೇಡಿ, ಅಡ್ಡಕ್ಕೆ ನಿಂತು ಒಂದು ಕಣ್ಣು ಅಲೆಯ ಮೇಲೂ ಇಡಿ. ಮೂರು ವರ್ಷದೊಳಗಿನ ಮಗುವಾದರೆ ದೂರದ ಕಾವಲು ಸಾಲದು, ಕೈಚಾಚಿದರೆ ಸಿಗುವಷ್ಟು ಹತ್ತಿರ ಒಬ್ಬರು ನೀರಿನಲ್ಲೇ ಇರಬೇಕು. ದೊಡ್ಡ ಅಕ್ಕನಿಗೋ ಅಣ್ಣನಿಗೋ "ತಮ್ಮನನ್ನು ನೋಡಿಕೋ" ಅಂತ ವಹಿಸಬೇಡಿ. ಅವರೂ ಮಕ್ಕಳೇ.

ಇಷ್ಟೆಲ್ಲ ಯಾಕೆ ಅಂದರೆ, ಮುಳುಗುವ ಮಗು ಸದ್ದು ಮಾಡುವುದಿಲ್ಲ. ಕೈ ಬೀಸಿ ಕೂಗುವುದು ಸಿನಿಮಾದಲ್ಲಿ. ನಿಜದಲ್ಲಿ ಬಾಯಿ ನೀರಿನ ಮಟ್ಟಕ್ಕೆ ಬರುತ್ತದೆ, ಉಸಿರಿಗೇ ಸಮಯ ಸಾಲದು, ಕೂಗುವುದು ಎಲ್ಲಿ ಬಂತು? ಒಂದು ನಿಮಿಷದೊಳಗೆ ಎಲ್ಲ ಮುಗಿದುಹೋಗಬಹುದು. ಎರಡು ಇಂಚು ನೀರು ಸಾಕು. ಪುಟ್ಟ ಮಕ್ಕಳ ತಲೆ ಮೈಗೆ ಹೋಲಿಸಿದರೆ ಭಾರ, ಮುಖ ಅಡಿಯಾಗಿ ಬಿದ್ದರೆ ತಾವಾಗಿ ಏಳಲಿಕ್ಕೆ ಆಗುವುದಿಲ್ಲ.

ಪ್ಯಾಡಿನ ಮೇಲೆ

ಮೊದಲ ಐದು ನಿಮಿಷ ಅಂಚಿನಲ್ಲಿ ಕೂರಿಸಿಕೊಳ್ಳಿ. ನೀರು ಇದ್ದಕ್ಕಿದ್ದಂತೆ ಚಿಮ್ಮಿ ಹೆದರಿಸುತ್ತದೆ. ಒತ್ತಾಯ ಮಾಡಿ ಒಳಗೆ ನೂಕಬೇಡಿ, ಮಗು ತಾನೇ ಬೆರಳು ಇಟ್ಟು ನೋಡಲಿ. ನಮ್ಮ ಮಗ ಮೊದಲ ದಿನ ಅರ್ಧ ಗಂಟೆ ಬರೀ ಒಂದು ಬುಗ್ಗೆಯನ್ನು ಅಂಗೈಯಿಂದ ಮುಚ್ಚಿ ತೆಗೆದು ಆಡಿದ. ಅವನಿಗೆ ಅಷ್ಟರಲ್ಲೇ ಖುಷಿ ತುಂಬಿತ್ತು.

ನೀರು ಚಿಮ್ಮುವ ತೂತಿನ ಮೇಲೆ ಕೂರಲಿಕ್ಕೆ, ಮುಖ ಒಡ್ಡಲಿಕ್ಕೆ ಬಿಡಬೇಡಿ. ನೀರಿನ ರಭಸ ಕಣ್ಣಿಗೂ, ಕೆಳಭಾಗಕ್ಕೂ ಪೆಟ್ಟು ಮಾಡುತ್ತದೆ. ಅಲ್ಲಿ ಕೂತವರ ಮೈಯ ಕೊಳೆ ಅದೇ ನೀರಿಗೆ ಸೇರುತ್ತದೆ. ಹೋಗುವ ಮುಂಚೆ ಶೌಚಕ್ಕೆ ಕರೆದೊಯ್ದು, ಸೋಪು ಹಾಕಿ ಮೈ ತೊಳೆಸಿ. ಬಾಯಿಗೆ ನೀರು ತುಂಬಿ ಉಗುಳುವ ಆಟ ಬೇಡ ಅಂತ ಮೊದಲೇ ಹೇಳಿ. ದೊಡ್ಡ ಮಕ್ಕಳು ಓಡುವ ಕಡೆಯಿಂದ ಪುಟ್ಟವರನ್ನು ದೂರ ಇಡಿ, ಅಲ್ಲಿ ಆಗುವ ಗಾಯ ಹೆಚ್ಚಾಗಿ ಜಾರಿ ಬಿದ್ದು, ಡಿಕ್ಕಿ ಹೊಡೆದು ಆಗುವಂಥದ್ದೇ.

ತುಟಿ ನೀಲಿಯಾದರೆ, ಹಲ್ಲು ಕಟಕಟ ಅಂದರೆ ಹೊರಗೆ ಕರೆಯಿರಿ. ಇಪ್ಪತ್ತು ನಿಮಿಷ ಆಟ, ಹತ್ತು ನಿಮಿಷ ಟವೆಲ್ಲಿನೊಳಗೆ, ಹೀಗೆ ಸಾಗಲಿ.

ಸಮುದ್ರಕ್ಕೆ ಹೋದರೆ

ಕಾರವಾರದ ಟಾಗೋರ್ ಬೀಚಿನಲ್ಲಿ ಮಕ್ಕಳಿಗೆ ಆಡಲು ಅಗಲವಾದ ಮರಳಿದೆ, ಪಕ್ಕದಲ್ಲೇ ಐಎನ್‌ಎಸ್ ಚಪಲ್ ಯುದ್ಧನೌಕೆ ನೋಡಬಹುದು. ಆದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿ ಕಾವಲು ಎರಡೂ ಕಡೆ ಬೇಕು. ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಶೌಚಾಲಯ, ಜೀವರಕ್ಷಕರು ಇರುವ ಇಂಥ ಜಾಗ ಪುಟ್ಟ ಮಕ್ಕಳಿರುವವರಿಗೆ ಹೆಚ್ಚು ಅನುಕೂಲ. ಕೆಂಪು ಬಾವುಟ ಇದ್ದರೆ ಮಾತೇ ಇಲ್ಲ, ವಾಪಸು.

ಉಬ್ಬರ–ಇಳಿತದ ಹೊತ್ತು ತಿಳಿದು ಹೋಗಿ. ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ, ಆ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರುವುದೂ ಇಳಿಯುವುದೂ ಜಾಸ್ತಿ. ದೋಣಿ ಹತ್ತಿರ ಬಲೆ ಸರಿಮಾಡುತ್ತಾ ಕೂತವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಇಳಿತ ಹೆಚ್ಚಾದಾಗ ಮರಳಿನ ತಗ್ಗುಗಳಲ್ಲಿ ಅಂಗೈ ಆಳದ ನೀರು ಉಳಿಯುತ್ತದೆ. ಬಿಸಿಲಿಗೆ ಬೆಚ್ಚಗಾಗಿರುತ್ತದೆ, ಪುಟಾಣಿ ಏಡಿಗಳು ಓಡಾಡುತ್ತವೆ. ಸಮುದ್ರವೇ ಮಾಡಿಕೊಟ್ಟ ಸ್ಪ್ಲ್ಯಾಷ್ ಪ್ಯಾಡ್ ಅದು. ನೀರಿನ ಅಂಚಿನಿಂದ ಆದಷ್ಟು ದೂರದ ತಗ್ಗನ್ನು ಆರಿಸಿ. ನೀರು ಮತ್ತೆ ಏರತೊಡಗಿತು ಅಂದರೆ ಆಟ ಮುಗಿಯಿತು.

ಹೊಳೆ ಸಮುದ್ರ ಸೇರುವ ಕಡೆ ಹೋಗಬೇಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಯಾವುದರ ಅಳಿವೆಯಾದರೂ ಅಲ್ಲಿ ಸೆಳೆತ ಜೋರು. ಅಂಬಲಿ ಮೀನು (ಜೆಲ್ಲಿ ಫಿಶ್) ಮರಳಿನ ಮೇಲೆ ಸತ್ತು ಬಿದ್ದಿದ್ದರೂ ಮುಟ್ಟಿಸಬೇಡಿ, ಸತ್ತ ಮೇಲೂ ಉರಿ ಕೊಡುತ್ತದೆ.

ಯಾರಾದರೂ ನೀರಿಗೆ ಬಿದ್ದರೆ

2023ರ ಡಿಸೆಂಬರಿನಲ್ಲಿ ಶಿರಸಿ ಹತ್ತಿರ ಶಾಲ್ಮಲಾ ಹೊಳೆಯಲ್ಲಿ ಒಂದೇ ಕುಟುಂಬದ ಐವರು ಹೋದರು. ನಮ್ಮ ಊರಿಗೆಲ್ಲ ಆ ಸಂಕಟ ತಟ್ಟಿತ್ತು. ಒಬ್ಬರು ಬಿದ್ದರೆ ಉಳಿಸಲಿಕ್ಕೆ ಹೋದವರೂ ಹೋಗುತ್ತಾರೆ. ಅದಕ್ಕೇ ಆ ಹಗ್ಗ, ಆ ಖಾಲಿ ಕ್ಯಾನು. ಈಜು ಬಾರದವರು ಆಳಕ್ಕೆ ಇಳಿಯಬೇಡಿ. ಕ್ಯಾನು ಎಸೆಯಿರಿ, ಕೋಲು ಚಾಚಿ, ಸೀರೆಯೋ ಪಂಚೆಯೋ ಬಿಚ್ಚಿ ಎಸೆಯಿರಿ. ಮಲಗಿ ಚಾಚಿ, ನಿಂತು ಚಾಚಬೇಡಿ.

ಮೇಲೆ ತಂದ ಮಗು ಉಸಿರಾಡುತ್ತಿಲ್ಲ ಅಂದರೆ ಹೊಟ್ಟೆ ಒತ್ತಬೇಡಿ, ತಲೆಕೆಳಗೆ ಮಾಡಿ ತಿರುಗಿಸಬೇಡಿ. ಹಿಂದಿನಿಂದ ಹಾಗೆ ಮಾಡುತ್ತಾ ಬಂದಿದ್ದೇವೆ, ಅದರಿಂದ ಬೆಲೆಬಾಳುವ ನಿಮಿಷಗಳು ಹೋಗುತ್ತವೆ. ಅಂಗಾತ ಮಲಗಿಸಿ, ಗದ್ದ ಮೆಲ್ಲಗೆ ಮೇಲೆತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಿ, ಎದೆ ಏರುವುದು ಕಾಣಬೇಕು. ಒಂದು ವರ್ಷದೊಳಗಿನ ಕೂಸಾದರೆ ಬಾಯಿ, ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಊದಬೇಕು. ಆಮೇಲೂ ಉಸಿರು, ಚಲನೆ ಇಲ್ಲದಿದ್ದರೆ ಎದೆಯ ನಡುವೆ ಒಂದು ಅಂಗೈಯಿಂದ 30 ಸಲ ಒತ್ತಿ, ಕೂಸಿಗಾದರೆ ಎರಡೂ ಕೈಯಿಂದ ಎದೆಯನ್ನು ಸುತ್ತಿ ಹಿಡಿದು ಎರಡು ಹೆಬ್ಬೆರಳಿನಿಂದ. ಎದೆಯ ದಪ್ಪದ ಮೂರನೇ ಒಂದು ಭಾಗ ಇಳಿಯಬೇಕು, ನಿಮಿಷಕ್ಕೆ 100ರಿಂದ 120ರ ವೇಗ ಇರಬೇಕು. ಮತ್ತೆ ಎರಡು ಉಸಿರು, ಮತ್ತೆ 30. ನಿಲ್ಲಿಸಬೇಡಿ. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ಕಾಡಿನೊಳಗೆ ನೆಟ್‌ವರ್ಕ್ ಇರುವುದಿಲ್ಲ, ಬರುವಾಗಲೇ ಸಿಗ್ನಲ್ ಎಲ್ಲಿಯ ತನಕ ಇತ್ತು ಅಂತ ಗಮನಿಸಿಡಿ. ಮಗು ಎದ್ದು ಕೂತು ಆಡತೊಡಗಿದರೂ ಆಸ್ಪತ್ರೆಗೆ ತೋರಿಸಲೇಬೇಕು. ನೀರು ಒಳಹೋಗಿದ್ದರೆ ಗಂಟೆಗಳ ನಂತರವೂ ಉಸಿರು ಕಟ್ಟಬಹುದು.

ಇದನ್ನು ಓದಿದರೆ ಸಾಲದು, ಕೈಯಲ್ಲಿ ಮಾಡಿ ಕಲಿಯಬೇಕು. ಹತ್ತಿರದಲ್ಲಿ ಪ್ರಥಮ ಚಿಕಿತ್ಸೆ ತರಬೇತಿ ಇದ್ದರೆ ಮನೆಯಿಂದ ಒಬ್ಬರಾದರೂ ಹೋಗಿ.

ದೂರ ಹೋಗಲು ಆಗದವರಿಗೆ

ಅಡಿಕೆ ಒಣಗಿಸಿ ಮುಗಿದು ಅಂಗಳ ಖಾಲಿಯಾದ ಮೇಲೆ, ಮಾರ್ಚಿನಿಂದ ಮಳೆ ಬರುವ ತನಕ, ನಮ್ಮ ಮನೆಗಳಲ್ಲೇ ಚಂದದ ಸ್ಪ್ಲ್ಯಾಷ್ ಪ್ಯಾಡ್ ಆಗುತ್ತದೆ. ತೋಟದ ಸಣ್ಣ ಸ್ಪ್ರಿಂಕ್ಲರ್ ಒಂದನ್ನು ಪೈಪಿಗೆ ಸಿಕ್ಕಿಸಿ ಅಂಗಳದ ನಡುವೆ ಊರಿ, ಬಾವಿ ನೀರು ಬಿಟ್ಟರೆ ಸಾಕು. ದೊಡ್ಡ ಜೆಟ್ ಬೇಡ, ಅದರ ಹೊಡೆತ ಜೋರು. ಸಗಣಿ ಸ್ಲರಿ ಹರಿದ ಪೈಪನ್ನು ಬಳಸಬೇಡಿ. ಮೋಟರ್ ಹತ್ತಿರ, ವಯರ್ ಹತ್ತಿರ ಮಕ್ಕಳು ಸುಳಿಯಬಾರದು. ಅಂಗಳದ ಪಾಚಿಯನ್ನು ಮೊದಲೇ ಉಜ್ಜಿ ತೆಗೆಯಿರಿ. ನೀರು ದಾಸವಾಳದ ಬುಡಕ್ಕೋ ಬಾಳೆ ಬುಡಕ್ಕೋ ಹರಿಯುವ ಹಾಗೆ ದಾರಿ ಮಾಡಿದರೆ ಒಂದು ಹನಿಯೂ ಹಾಳಾಗುವುದಿಲ್ಲ. ಇಲ್ಲಿಯೂ ಪಕ್ಕದ ನೀರು ಇದೆ, ಬಾವಿ. ಬಾವಿಗೆ ಕಟ್ಟೆ ಇದ್ದರೂ ಮೇಲೆ ಬಲೆ ಇರಲಿ, ಕಟ್ಟೆ ಪಕ್ಕ ಕುರ್ಚಿ, ಬಕೆಟ್ ಇಡಬೇಡಿ, ಮಕ್ಕಳು ಹತ್ತುತ್ತಾರೆ.

ಹೊರಡುವಾಗ, ಮನೆಗೆ ಬಂದ ಮೇಲೆ

"ಬನ್ನಿ, ಹೋಗೋಣ" ಅಂದ ಕೂಡಲೇ ಬರುವ ಮಕ್ಕಳು ಇಲ್ಲ. ಹತ್ತು ನಿಮಿಷ ಮುಂಚೆ ಒಮ್ಮೆ, ಐದು ನಿಮಿಷ ಮುಂಚೆ ಇನ್ನೊಮ್ಮೆ ಸೀಟಿ ಊದಿ. ಮೂರನೇ ಸೀಟಿಗೆ ತಿಂಡಿ ಡಬ್ಬಿ ತೆರೆಯಿರಿ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಪಾಳಿ ತಪ್ಪುತ್ತದೆ, ಆಗಲೇ ಮಗು ಮರೆತ ಚೆಂಡಿಗಾಗಿ ವಾಪಸು ಓಡುವುದು. ಮಕ್ಕಳು ಕಾರಿನಲ್ಲಿ ಕೂತು ಬಾಗಿಲು ಹಾಕುವ ತನಕ ಕೆಂಪು ಟವೆಲ್ ಹೆಗಲಿನಿಂದ ಇಳಿಯಬಾರದು.

ಮನೆಗೆ ಬಂದು ಹಂಡೆಯ ಬಿಸಿನೀರಿನಲ್ಲಿ ಸೋಪು ಹಾಕಿ ಮೀಯಿಸಿ. ಕಾಡಿಗೆ ಹೋಗಿದ್ದರೆ ಕಿವಿಯ ಹಿಂದೆ, ಕಂಕುಳು, ತೊಡೆ ಸಂದಿಯಲ್ಲಿ ಉಣುಗು ಇದೆಯಾ ನೋಡಿ. ಕಿವಿಯನ್ನು ಬಟ್ಟೆಯ ತುದಿಯಿಂದ ಹೊರಗಷ್ಟೇ ಒರೆಸಿ. ಉಪ್ಪುನೀರಿಗೆ ತೊಡೆ ಉಜ್ಜಿ ಕೆಂಪಾಗಿದ್ದರೆ ತೆಂಗಿನೆಣ್ಣೆ ಹಚ್ಚಿ.

ಆಮೇಲೆ ಬಚ್ಚಲಿಗೆ ಒಮ್ಮೆ ಹೋಗಿ ಬನ್ನಿ. ಮರಳು ತುಂಬಿದ ಬಟ್ಟೆಗಳನ್ನು ನೆನೆಹಾಕಿದ ಬಕೆಟ್ ಅಲ್ಲಿರುತ್ತದೆ. ಎಲ್ಲರೂ ದಣಿದು ಮಲಗಿರುತ್ತಾರೆ, ಮಗು ಮಾತ್ರ ನೀರಾಟದ ಗುಂಗಿನಲ್ಲೇ ಇರುತ್ತದೆ. ಬಟ್ಟೆ ಹಿಂಡಿ, ಬಕೆಟ್ ಕವುಚಿ ಹಾಕಿ, ಬಚ್ಚಲ ಬಾಗಿಲ ಮೇಲಿನ ಚಿಲಕ ಹಾಕಿಕೊಂಡು ಬನ್ನಿ.